ಕ್ಲೋರಿನ್ ಇಲ್ಲದ ನೀರಿನ ಜಾಡು ಹಿಡಿದು

ಜ್ಯೂರಿಕ್ ನಗರದಲ್ಲಿ ಸುಮಾರು 1200 ನೀರಿನ ತೊಟ್ಟಿಗಳಿವೆ. ಚೌಕಗಳಲ್ಲಿ, ಚರ್ಚುಗಳ ಮಗ್ಗುಲಲ್ಲಿ, ಏರು ಓಣಿಗಳ ತಿರುವಿನಲ್ಲಿ ಎಲ್ಲಿ ನಿಂತರೂ ಒಂದಾದರೂ ಕಣ್ಣಿಗೆ ಬೀಳುತ್ತದೆ. ಕೊಳವೆಯಿಂದ ಹಗಲಿರುಳು ನೀರು ಸುರಿಯುತ್ತಲೇ ಇರುತ್ತದೆ. ಕುಡಿಯಬಾರದ ನೀರಾದರೆ ಹಾಗೆಂದು ಬರೆದ ಫಲಕ ಅಲ್ಲಿರುತ್ತದೆ. ಫಲಕ ಇಲ್ಲವೆಂದರೆ ಯಾರು ಬೇಕಾದರೂ ಬಗ್ಗಿ ಬೊಗಸೆ ಒಡ್ಡಬಹುದು. ಸೂಟು ತೊಟ್ಟ ಬ್ಯಾಂಕಿನವರು, ಸೈಕಲ್ ನಿಲ್ಲಿಸಿದ ಹುಡುಗರು, ನಾಯಿ ಹಿಡಿದ ಅಜ್ಜಿಯರು ಎಲ್ಲರೂ ಹಾಗೆಯೇ ಕುಡಿಯುತ್ತಿದ್ದರು.

ನಾನು ಧಾರವಾಡದವನು. ವಾರಕ್ಕೊಮ್ಮೆ ಬರುವ ನೀರನ್ನು ಟಾಕಿಯಲ್ಲಿ ತುಂಬಿಟ್ಟು, ಸೋಸಿ, ಕಾಯಿಸಿ ಕುಡಿದು ಬೆಳೆದವನು. ಬೀದಿಯ ನೀರಿಗೆ ಬಾಯಿ ಹಚ್ಚುವ ಧೈರ್ಯ ಕೂಡಲೇ ಬರಲಿಲ್ಲ. ಅಲ್ಲಿ ಕೆಲಸದಲ್ಲಿರುವ ಅಣ್ಣನ ಮಗಳು ನನ್ನ ಹಿಂಜರಿಕೆ ನೋಡಿ, "ಕಾಕಾ, ಬಾಟ್ಲಿ ಯಾಕ ಹುಡುಕಾಕತ್ತೀರಿ? ಕುಡೀರಿ, ಏನೂ ಆಗೂದಿಲ್ಲ. ನಮ್ಮ ಮನ್ಯಾಗೂ ಯಾರೂ ನೀರು ಕಾಸೂದಿಲ್ಲ" ಎಂದಳು. ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಂಪು. ಸಂಜೆ ಅವಳ ಮನೆಯ ನಳದ ನೀರನ್ನೂ ಲೋಟಕ್ಕೆ ಹಿಡಿದು ಮೂಗಿನ ಬಳಿ ಒಯ್ದೆ. ಕ್ಲೋರಿನ್ನಿನ ಸುಳಿವೇ ಇಲ್ಲ. ಊರಿನ ನೀರಿನಲ್ಲಿ ನೂರಕ್ಕೆ 70 ಭಾಗ ಕಣ್ಣೆದುರಿನ ಸರೋವರದ್ದೇ ಎಂದು ಅವಳು ಹೇಳಿದಾಗ ನಂಬಲಾಗಲಿಲ್ಲ. ಅದೇ ಸರೋವರದಲ್ಲಿ ಹಡಗುಗಳು ಓಡಾಡುತ್ತಿದ್ದವು, ಸಾವಿರಾರು ಜನ ಈಜುತ್ತಿದ್ದರು, ದಂಡೆಯುದ್ದಕ್ಕೂ ಊರುಗಳಿದ್ದವು. ಇಷ್ಟೆಲ್ಲ ಇರುವ ನೀರನ್ನು ಕ್ಲೋರಿನ್ ಹಾಕದೆ ಇಡೀ ನಗರಕ್ಕೆ ಕುಡಿಸುತ್ತಾರೆಂದರೆ ಹೇಗೆ? ಆ ಪ್ರಶ್ನೆ ಮುಂದಿನ ಪ್ರಯಾಣದ ದಾರಿಯನ್ನೇ ಬದಲಿಸಿತು. ಆಲ್ಪ್ಸ್ ಶಿಖರಗಳಿಗೆ ಹೋಗಬೇಕಾದವನು ನೀರಿನ ಬೆನ್ನು ಹತ್ತಿದೆ.

ಸರೋವರದ ಬಲದಂಡೆಯ ಇಳಿಜಾರಿನಲ್ಲಿ ಲೆಂಗ್ ಎಂಬ ನೀರು ಶುದ್ಧೀಕರಣ ಘಟಕವಿದೆ. 1960ರಲ್ಲಿ ಕಟ್ಟಿದ್ದು; ನಗರದ ಅತಿ ದೊಡ್ಡ ಘಟಕ. ಸರೋವರದ ಸುಮಾರು 30 ಮೀಟರ್ ಆಳದಿಂದ ಇಲ್ಲಿಗೆ ನೀರು ಎತ್ತುತ್ತಾರೆ. ಬೇಸಿಗೆಯಲ್ಲಿ ಮೇಲ್ಪದರ ಬೆಚ್ಚಗಾಗಿ ಪಾಚಿ ಕಟ್ಟಿದರೂ ಆ ಆಳದಲ್ಲಿ ನೀರು ತಣ್ಣಗೆ, ತಿಳಿಯಾಗಿ ಇರುತ್ತದೆ. ಘಟಕಕ್ಕೆ ಬಂದ ನೀರಿಗೆ ಮೊದಲು ಓಝೋನ್. ಆಮೇಲೆ ಮರಳಿನ ಶೀಘ್ರ ಸೋಸುಗಳು. ಮತ್ತೆ ಓಝೋನ್. ಅನಂತರ ಸಕ್ರಿಯ ಇದ್ದಿಲಿನ ಪದರ. ಕೊನೆಗೆ ನೂರು ವರ್ಷ ಹಿಂದಿನವರೂ ಗುರುತಿಸಬಲ್ಲ ನಿಧಾನದ ಮರಳು ಸೋಸು. ಅಲ್ಲಿಂದ ಸೀದಾ ಊರಿನ ಕೊಳವೆಗೆ.

ಓಝೋನನ್ನು ಸಿಲಿಂಡರಿನಲ್ಲಿ ತುಂಬಿ ಲಾರಿಯಲ್ಲಿ ತರಲು ಬರುವುದಿಲ್ಲ. ಅದು ಉಳಿಯುವ ಅನಿಲವೇ ಅಲ್ಲ. ಬೇಕಾದಲ್ಲಿ, ಬೇಕಾದಾಗ, ಅಲ್ಲೇ ಹುಟ್ಟಿಸಬೇಕು. ಉಕ್ಕಿನ ದೊಡ್ಡ ಪೀಪಾಯಿಯೊಳಗೆ ನೂರಾರು ಕೊಳವೆಗಳು. ಎರಡು ಲೋಹದ ಮೈಗಳ ನಡುವೆ ಕಿರಿದಾದ ಸಂದು, ಸಂದಿನಲ್ಲಿ ಗಾಜಿನಂಥ ವಿದ್ಯುತ್ ತಡೆ. ಸಾವಿರಾರು ವೋಲ್ಟಿನ ಒತ್ತಡ ಕೊಟ್ಟು ಆ ಸಂದಿನಲ್ಲಿ ಆಮ್ಲಜನಕ ಹಾಯಿಸಿದರೆ ನೇರಳೆ ಬಣ್ಣದ ಮಂದ ಬೆಳಕು ಮೂಡುತ್ತದೆ. ಜೋಡಿಯಾಗಿರುವ ಆಮ್ಲಜನಕದ ಪರಮಾಣುಗಳು ಅಲ್ಲಿ ಬೇರ್ಪಡುತ್ತವೆ. ಒಂಟಿಯಾದ ಪರಮಾಣು ಇನ್ನೊಂದು ಜೋಡಿಗೆ ಅಂಟಿಕೊಂಡು ಮೂರರ ಗುಂಪಾಗುತ್ತದೆ. ಅದೇ ಓಝೋನ್. ಆ ಮೂರನೆಯ ಪರಮಾಣುವಿಗೆ ಅಲ್ಲಿ ನಿಲ್ಲಲು ಮನಸ್ಸಿಲ್ಲ. ಸಿಕ್ಕಿದ್ದಕ್ಕೆ ಹೋಗಿ ತಗಲುತ್ತದೆ. ಬ್ಯಾಕ್ಟೀರಿಯದ ಗೋಡೆ ಸಿಕ್ಕರೆ ಗೋಡೆ ಒಡೆಯುತ್ತದೆ, ವೈರಸ್ ಸಿಕ್ಕರೆ ವೈರಸ್ ಕೆಡುತ್ತದೆ, ನೀರಿಗೆ ಬಣ್ಣ ಕೊಡುವ ಕಣ ಸಿಕ್ಕರೆ ಬಣ್ಣ ಹೋಗುತ್ತದೆ. ನೀರು ಒಂದು ಕಡೆಯಿಂದ ಹರಿದು ಬರುವಾಗ ತಳದಿಂದ ಈ ಅನಿಲ ಸಣ್ಣ ಗುಳ್ಳೆಗಳಾಗಿ ಏಳುತ್ತದೆ. ಒಂದು ಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸು ಸಾಕು. ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ, ಓಝೋನ್ ಮರಳಿ ಆಮ್ಲಜನಕವಾಗುತ್ತದೆ. ನಾವು ಉಸಿರಾಡುವ ಗಾಳಿಯಿಂದ ಹುಟ್ಟಿ, ನೀರನ್ನು ಶುದ್ಧಮಾಡಿ, ಮತ್ತೆ ಉಸಿರಾಡುವ ಗಾಳಿಯೇ ಆಗುವ ಈ ಪರಿ ತಿಳಿದ ಮೇಲೆ ಬಹಳ ಹೊತ್ತು ಬೇರೇನನ್ನೂ ಯೋಚಿಸಲಾಗಲಿಲ್ಲ.

ಇದು ಸಾಧುವಾದ ಅನಿಲವೇನೂ ಅಲ್ಲ. ಗಾಳಿಯಲ್ಲಿ ಕೋಟಿಗೆ ಒಂದು ಭಾಗದಷ್ಟು ಬೆರೆತರೂ ಮೂಗಿಗೆ ತಿಳಿಯುತ್ತದೆ, ಸ್ವಲ್ಪ ಹೆಚ್ಚಾದರೆ ಎದೆ ಉರಿಸುತ್ತದೆ. ಅದಕ್ಕೇ ಇಂಥ ಘಟಕಗಳಲ್ಲಿ ಸೋರಿಕೆ ಪತ್ತೆಹಚ್ಚುವ ಸಾಧನಗಳಿರುತ್ತವೆ. ನೀರಿನಲ್ಲಿ ಕರಗದೆ ಮೇಲೆ ಬಂದ ಓಝೋನನ್ನು ಕಾಯಿಸಿಯೋ ವೇಗವರ್ಧಕದ ಮೇಲೆ ಹಾಯಿಸಿಯೋ ನಾಶಮಾಡಿದ ಮೇಲೆಯೇ ಗಾಳಿಗೆ ಬಿಡುತ್ತಾರೆ.

ಜ್ಯೂರಿಕ್ಕಿಗೂ ನೀರಿನಿಂದ ಸಾವು ಬಂದ ಕಾಲವಿತ್ತು. 1867ರಲ್ಲಿ ಕಾಲರಾ, 1884ರಲ್ಲಿ ಟೈಫಾಯ್ಡ್ ಈ ಊರನ್ನು ಹಿಂಡಿದ್ದವು. ಇಂದಿನ ತೊಟ್ಟಿಗಳ ಹಿಂದೆ ಆ ಭಯ ಇದೆ ಎಂದು ನನಗನ್ನಿಸಿತು.

ಓಝೋನಿಗೆ ಹೆಸರಿಟ್ಟವನ ಊರು ರೈಲಿನಲ್ಲಿ ಅಲ್ಲಿಂದ ಒಂದು ಗಂಟೆಯ ದಾರಿ. ಬಾಸೆಲ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಕ್ರಿಸ್ಟಿಯನ್ ಫ್ರೀಡ್ರಿಕ್ ಶೋನ್‌ಬೈನ್, ನೀರಿನಲ್ಲಿ ವಿದ್ಯುತ್ ಹರಿಸುವಾಗ ಬರುವ ಒಂದು ವಿಚಿತ್ರ ವಾಸನೆಯನ್ನು 1839ರಲ್ಲಿ ಗಮನಿಸಿ ಊರಿನ ವಿಜ್ಞಾನ ಸಂಘಕ್ಕೆ ತಿಳಿಸಿದ. ಮಿಂಚು ಹೊಡೆದಾಗ ಬರುವುದೂ ಇದೇ ವಾಸನೆ, ಇದೊಂದು ಬೇರೆಯೇ ವಸ್ತು ಎಂದು ಹಟ ಹಿಡಿದು ಉಳಿದ ಆಯುಷ್ಯವನ್ನು ಬಹುಮಟ್ಟಿಗೆ ಅದರ ಹಿಂದೆಯೇ ಕಳೆದ. ಅದು ಮೂರು ಆಮ್ಲಜನಕ ಪರಮಾಣುಗಳ ಗುಂಪು ಎಂದು 1865ರಲ್ಲಿ ತೋರಿಸಿಕೊಟ್ಟವನು ಜಿನೀವಾದ ಜಾಕ್ ಲೂಯಿ ಸೊರೆ. ಬಾಸೆಲ್ ವಿಶ್ವವಿದ್ಯಾಲಯದ ಗ್ರಂಥಾಲಯವಿರುವ ಬೀದಿಗೆ ಈಗ ಶೋನ್‌ಬೈನನ ಹೆಸರು. ಆ ಬೀದಿಯಲ್ಲಿ ಓಡಾಡುವಾಗ, ಮೊದಲ ಮಳೆಗೆ ಸಿಡಿಲು ಹೊಡೆದ ಮೇಲೆ ನಮ್ಮ ಎರೆಭೂಮಿಯ ಹೊಲಗಳಲ್ಲಿ ಮೂಗಿಗೆ ತಾಗುವ ಆ ಚುರುಕು ಗಾಳಿ ನೆನಪಾಯಿತು. ಅವನು ಹಿಡಿದದ್ದು ಅದನ್ನೇ.

ಬಾಸೆಲ್ಲಿನವರ ನೀರಿನ ಕಥೆ ಬೇರೆ. ಊರಂಚಿನ ಲಾಂಗೆ ಎರ್ಲೆನ್ ಎಂಬ ಕಾಡಿನ ಪಟ್ಟೆಗಳಿಗೆ ರೈನ್ ನದಿಯ ನೀರನ್ನು ಹತ್ತು ದಿನ ಬಿಟ್ಟು, ಇಪ್ಪತ್ತು ದಿನ ನೆಲವನ್ನು ಒಣಗಲು ಬಿಡುತ್ತಾರೆ. ಮರಗಳ ಬೇರು, ಮಣ್ಣು, ಜಲ್ಲಿಗಳ ಮೂಲಕ ಇಳಿದ ನೀರನ್ನು ಬಾವಿಗಳಿಂದ ಎತ್ತಿ ಊರಿಗೆ ಕೊಡುತ್ತಾರೆ. ಕಾಡೇ ಸೋಸುಗ! ಮರಗಳ ಬುಡದಲ್ಲಿ ನೀರು ನಿಂತದ್ದನ್ನು ನೋಡಿಯೇ ಅಲ್ಲಿಂದ ಹೊರಟೆ.

ಬಾಸೆಲ್ಲಿನಿಂದ ಕೆಳಕ್ಕೆ ಹೋಗುವ ರೈಲು ಮೈನ್ಝ್ ದಾಟಿದ ಮೇಲೆ ಬಹಳ ದೂರ ರೈನ್ ನದಿಯ ದಂಡೆಯಲ್ಲೇ ಓಡುತ್ತದೆ. ಕೋಟೆಗಳು, ದ್ರಾಕ್ಷಿ ತೋಟಗಳು, ಮಗ್ಗುಲಲ್ಲಿ ಸಾಲುಗಟ್ಟಿದ ಸರಕು ದೋಣಿಗಳು. ಪ್ರವಾಸಿಗರೆಲ್ಲ ಕೋಟೆ ನೋಡುತ್ತಾರೆ. ನನ್ನ ಕಣ್ಣು ನೀರಿನ ಮೇಲಿತ್ತು. ಸುಮಾರು 3 ಕೋಟಿ ಜನ ಕುಡಿಯುವ ನೀರಿಗೆ ಈ ಕಣಿವೆಯನ್ನು ನೆಚ್ಚಿದ್ದಾರೆ. 1986ರ ನವೆಂಬರ್ 1ರಂದು ಬಾಸೆಲ್ ಬಳಿ ರಾಸಾಯನಿಕಗಳ ಗೋದಾಮೊಂದು ಹೊತ್ತಿ ಉರಿದು, ಬೆಂಕಿ ಆರಿಸಿದ ನೀರೆಲ್ಲ ನದಿಗೆ ಸೇರಿ, ರೈನ್ ಕೆಂಪಾಗಿ ಹರಿಯಿತು. ಮೀನುಗಳು ಸತ್ತು ತೇಲಿದವು. ಮೇಲಿನವರ ಕೈಯಲ್ಲಿ ಕೆಳಗಿನವರ ಲೋಟ ಇದೆ ಎಂಬುದು ಅಂದು ಯುರೋಪಿಗೆ ಕಣ್ಣಾರೆ ಕಂಡಿತು.

ಇದಕ್ಕೆ ಸೇರಿದ ಇನ್ನೊಂದು ಮಾತು. ಜ್ಯೂರಿಕ್ಕಿನ ಮಗ್ಗುಲಿನ ಡ್ಯೂಬೆನ್‌ಡಾರ್ಫ್‌ನಲ್ಲಿ 2014ರಿಂದ ಕೊಳಚೆ ನೀರಿಗೂ ಓಝೋನ್ ಹಾಯಿಸುತ್ತಾರೆ. ಕುಡಿಯಲೆಂದಲ್ಲ, ನೋವಿನ ಮಾತ್ರೆ, ಅಪಸ್ಮಾರದ ಮಾತ್ರೆಗಳ ಅಂಶ ನಮ್ಮ ಮೈಯಿಂದ ಇಳಿದು ಮೋರಿ ಸೇರಿ ನದಿಗೆ ಹೋಗುವುದನ್ನು ತಡೆಯಲೆಂದು. ಇದರ ಖರ್ಚಿಗಾಗಿ ಸ್ವಿಸ್ ಸರಕಾರ ತಲೆಗೆ ವರ್ಷಕ್ಕೆ 9 ಫ್ರಾಂಕ್‌ವರೆಗೆ ಶುಲ್ಕ ಎತ್ತುತ್ತದೆ. ಕಾಣದ ಊರಿನ, ಬೇರೆ ದೇಶದ ಜನರ ನೀರಿಗಾಗಿಯೂ ತೆರುವ ಹಣ ಅದು. ನಾನು ಆ ನಾಡಿನಲ್ಲಿ ಕಂಡ ಯಾವ ಹಿಮಶಿಖರಕ್ಕಿಂತಲೂ ಇದು ದೊಡ್ಡದು.

ಮೈನ್ಝ್ ಎದುರಿನ ದಂಡೆಯಲ್ಲಿ ವೀಸ್ಬಾಡೆನ್. ವೆರ್ನರ್ ಫಾನ್ ಸೀಮೆನ್ಸ್ 1857ರಲ್ಲಿ ಗಾಜಿನ ಕೊಳವೆಯಲ್ಲಿ ಓಝೋನ್ ಹುಟ್ಟಿಸುವ ಉಪಾಯ ಕಂಡುಹಿಡಿದಿದ್ದ. ಅವನ ಕಂಪನಿ 1901ರಲ್ಲಿ ಈ ಊರಿಗೆ, ಮರುವರ್ಷ ಪಾಡೆರ್‌ಬೋರ್ನ್‌ಗೆ ಓಝೋನ್ ನೀರಿನ ಘಟಕ ಕಟ್ಟಿಕೊಟ್ಟಿತು. ಅದಕ್ಕೂ ಮೊದಲೇ, 1893ರಲ್ಲಿ, ಹಾಲೆಂಡಿನ ಔಡ್ಸ್‌ಹೋರ್ನ್‌ನಲ್ಲಿ ರೈನ್ ನದಿಯ ನೀರಿಗೇ ಓಝೋನ್ ಕೊಟ್ಟಿದ್ದರು. ಫ್ರಾನ್ಸಿನ ನೀಸ್ ಪಟ್ಟಣ 20ನೆಯ ಶತಮಾನದ ಮೊದಲ ದಶಕದಲ್ಲಿ ಮಾರಿಯುಸ್ ಪೌಲ್ ಒಟ್ಟೋನ ಯಂತ್ರಗಳಿಂದ ಇದನ್ನು ಆರಂಭಿಸಿತು. ಲೆಕ್ಕ ಹಾಕಿದರೆ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ತಲುಪಿದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ. ವಿದ್ಯುತ್ತು ಕತ್ತಲೆ ಕಳೆಯುವ ಹೊತ್ತಿಗೇ ಕೆಲವು ಊರುಗಳಲ್ಲಿ ನೀರನ್ನೂ ತಿಳಿಮಾಡುತ್ತಿತ್ತು.

ಹಾಗಿದ್ದರೆ ಜಗತ್ತು ಕ್ಲೋರಿನ್ ಕಡೆಗೆ ಹೊರಳಿದ್ದೇಕೆ? ಅಗ್ಗ ಎಂಬುದು ಮೊದಲ ಕಾರಣ. ಬೆಲ್ಜಿಯಮ್ಮಿನ ಮಿಡೆಲ್‌ಕೆರ್ಕೆಯಲ್ಲಿ 1902ರಲ್ಲಿ, ಅಮೆರಿಕದ ಜೆರ್ಸಿ ಸಿಟಿಯಲ್ಲಿ 1908ರಲ್ಲಿ ನಿತ್ಯ ಕ್ಲೋರಿನ್ ಹಾಕುವುದು ಶುರುವಾಯಿತು. ಪುಡಿಯಾಗಿ, ದ್ರಾವಣವಾಗಿ, ಅನಿಲವಾಗಿ ಹೇಗೂ ಸಾಗಿಸಬಹುದು; ಕರೆಂಟು ಹೋದರೂ ಕೆಲಸ ನಿಲ್ಲದು. ಟೈಫಾಯ್ಡ್, ಕಾಲರಾಗಳಿಂದ ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ನಮ್ಮ ಹಳ್ಳಿಗಳ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ ಆರೋಗ್ಯ ಇಲಾಖೆಯ ಹಳೆಯ ಸಿಬ್ಬಂದಿಗೆ ನಾವು ಕೈಮುಗಿಯಬೇಕು.

ಕ್ಲೋರಿನ್ನಿನ ಇನ್ನೊಂದು ಮುಖ ಕಂಡದ್ದು ರೈನ್ ನದಿ ಸಮುದ್ರ ಸೇರುವ ರೋಟರ್‌ಡ್ಯಾಮಿನಲ್ಲಿ. ಅಲ್ಲಿನ ನೀರು ಸರಬರಾಜಿನ ರಸಾಯನಜ್ಞ ಯೊಹಾನೆಸ್ ರೋಕ್, ಮುಚ್ಚಿದ ಶೀಶೆಯಲ್ಲಿ ನೀರಿನ ಮೇಲಿನ ಗಾಳಿಯನ್ನು ಪರೀಕ್ಷಿಸಿ ನೋಡಿದ. ಎಲೆ, ಮಣ್ಣುಗಳಿಂದ ನೀರಿಗೆ ಇಳಿದ ಸಾವಯವ ಅಂಶಗಳಿಗೆ ಕ್ಲೋರಿನ್ ಕೂಡಿದರೆ ಕ್ಲೋರೋಫಾರ್ಮಿನಂಥ ವಸ್ತುಗಳು ಹುಟ್ಟುತ್ತವೆ ಎಂದು 1974ರಲ್ಲಿ ಪ್ರಕಟಿಸಿದ. ಇನ್ನೊಂದು ಪೆಟ್ಟು ಬಿದ್ದದ್ದು 1993ರಲ್ಲಿ, ಅಮೆರಿಕದ ಮಿಲ್ವಾಕಿಯಲ್ಲಿ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಕ್ಲೋರಿನ್ನಿಗೆ ಜಗ್ಗದೆ ನಳಗಳಲ್ಲಿ ಹರಿದು ಸುಮಾರು 4 ಲಕ್ಷ ಜನರನ್ನು ಮಲಗಿಸಿತು. ಆಮೇಲೆ ಆ ಊರು ಓಝೋನ್ ಘಟಕ ಕಟ್ಟಿಕೊಂಡಿತು.

ನದಿಯ ಜೊತೆಗೇ ನಾನೂ ಹಾಲೆಂಡ್ ತಲುಪಿದೆ. ಅಲ್ಲಿನ ಹಾರ್ಲೆಮ್ ಪಟ್ಟಣದ ಟೈಲರ್ಸ್ ವಸ್ತುಸಂಗ್ರಹಾಲಯದಲ್ಲಿ ಆಳೆತ್ತರದ ಎರಡು ಗಾಜಿನ ತಟ್ಟೆಗಳ ಯಂತ್ರವೊಂದಿದೆ. ವಿಜ್ಞಾನಿ ಮಾರ್ಟಿನುಸ್ ಫಾನ್ ಮಾರುಮ್ 1780ರ ದಶಕದಲ್ಲಿ ಅದನ್ನು ತಿರುಗಿಸಿ ಕೃತಕ ಮಿಂಚು ಹುಟ್ಟಿಸುತ್ತಿದ್ದ. ಆ ಕಿಡಿಗಳ ಸುತ್ತ ಬರುವ ವಾಸನೆಯನ್ನು ಅವನು ಬರೆದಿಟ್ಟ. ಅದೇನೆಂದು ತಿಳಿಯದೆಯೇ ತೀರಿಕೊಂಡ. ಶೋನ್‌ಬೈನನಿಗಿಂತ ಅರ್ಧ ಶತಮಾನ ಮುಂಚೆ ಓಝೋನಿನ ವಾಸನೆ ಹುಟ್ಟಿಸಿದ ಯಂತ್ರ ಆ ಹಳೆಯ ಮರದ ನೆಲದ ಕೋಣೆಯಲ್ಲಿ ನನ್ನೆದುರು ನಿಂತಿತ್ತು.

ಹಾರ್ಲೆಮ್ಮಿನಿಂದ ಸ್ವಲ್ಪ ದಕ್ಷಿಣಕ್ಕೆ ಆಮ್‌ಸ್ಟರ್‌ಡ್ಯಾಮಿನ ನೀರಿನ ದಿಬ್ಬಗಳು. ಸಮುದ್ರ ಎಸೆದ ಮರಳು, ಅದರ ಮೇಲೆ ಮುಳ್ಳುಪೊದೆ, ಪೊದೆಗಳ ನಡುವೆ ಚುಕ್ಕೆ ಜಿಂಕೆಗಳು, ಜಿಂಕೆಗಳ ಪಕ್ಕದಲ್ಲೇ ನೆಟ್ಟಗೆ ಹರಿಯುವ ಕಾಲುವೆಗಳು. ಟಿಕೆಟ್ ಪಡೆದು ಯಾರು ಬೇಕಾದರೂ ಒಳಗೆ ನಡೆದಾಡಬಹುದು. 1853ರಲ್ಲಿ ಈ ದಿಬ್ಬಗಳ ನೀರು ಕೊಳವೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಹೆಬ್ಬಾಗಿಲಿಗೆ ಮೊದಲು ಬಂದಾಗ ಬಕೆಟ್ಟಿಗೆ ಒಂದು ಸೆಂಟಿನಂತೆ ಮಾರಿದರಂತೆ. ಊರು ಬೆಳೆದಂತೆ ಮಳೆಯ ನೀರು ಸಾಲದಾಯಿತು. ಈಗ ರೈನ್ ನೀರನ್ನು ದೂರದಿಂದ ತಂದು ಈ ಮರಳಿಗೆ ಇಳಿಸುತ್ತಾರೆ. ತಿಂಗಳುಗಟ್ಟಲೆ ಮರಳಿನಲ್ಲಿ ಇಂಗಿ ಬಂದ ನೀರು ಲೈಡೌನ್ ಘಟಕಕ್ಕೆ ಹೋಗುತ್ತದೆ. ಅಲ್ಲಿ ಸೋಸು, ಓಝೋನ್, ಗಡಸುತನ ಇಳಿಸುವುದು, ಇದ್ದಿಲು, ಕೊನೆಗೆ ಇಲ್ಲೂ ನಿಧಾನದ ಮರಳು. ಜ್ಯೂರಿಕ್ಕಿನ ಸುತ್ತ ಹುಟ್ಟಿದ ಹೊಳೆಗಳ ನೀರೂ ರೈನ್ ಸೇರಿ ಇಷ್ಟು ದೂರ ಬಂದು ಇಲ್ಲಿ ಮತ್ತೊಮ್ಮೆ ಓಝೋನಿಗೆ ಮೈಯೊಡ್ಡುತ್ತದೆ. ಆಮ್‌ಸ್ಟರ್‌ಡ್ಯಾಮ್ 1983ರಲ್ಲೇ ಕ್ಲೋರಿನ್ ಬಿಟ್ಟಿತು. 2005ರ ಹೊತ್ತಿಗೆ ಇಡೀ ಹಾಲೆಂಡ್ ಬಿಟ್ಟಿತು.

ಆ ದಿಬ್ಬಗಳ ನಡುವೆ ನಡೆಯುತ್ತ, ಪ್ರವಾಸದುದ್ದಕ್ಕೂ ನಾನು ಓಝೋನನ್ನೇ ನಾಯಕನೆಂದು ತಿಳಿದಿದ್ದರೂ, ಕಂಡ ಪ್ರತಿ ಘಟಕದಲ್ಲೂ ಓಝೋನಿನ ನಂತರ ಇದ್ದಿಲು, ಮರಳು ಏಕೆ ಬಂದವು ಎಂಬುದಕ್ಕೆ ಉತ್ತರ ಹೊಳೆಯಿತು. ಓಝೋನ್ ದೊಡ್ಡ ಸಾವಯವ ಅಣುಗಳನ್ನು ತುಂಡುಮಾಡುತ್ತದೆ. ಆ ತುಂಡುಗಳು ಬ್ಯಾಕ್ಟೀರಿಯಗಳಿಗೆ ಸುಲಭದ ಆಹಾರ. ಹಾಗೆಯೇ ಕೊಳವೆಗೆ ಬಿಟ್ಟರೆ ಅಳಿದುಳಿದ ಒಂದೆರಡು ಜೀವಿ ಮತ್ತೆ ಸಂಸಾರ ಹೂಡುತ್ತವೆ. ಆದ್ದರಿಂದ ಇದ್ದಿಲು ಮತ್ತು ಮರಳಿನಲ್ಲಿ ನೆಲೆಸಿದ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆ ಆಹಾರವನ್ನೆಲ್ಲ ತಿನ್ನಿಸಿ, ಹಸಿದ ನೀರನ್ನು ಊರಿಗೆ ಕಳಿಸುತ್ತಾರೆ. ಆ ನೀರಿನಲ್ಲಿ ಹೆಚ್ಚೇನೂ ಬೆಳೆಯಲಾರದು. ಇನ್ನೊಂದು ಎಚ್ಚರವೂ ಬೇಕು: ನೀರಿನಲ್ಲಿ ಬ್ರೋಮೈಡ್ ಇದ್ದರೆ ಓಝೋನ್ ಅದನ್ನು ಬ್ರೋಮೇಟ್ ಮಾಡುತ್ತದೆ. ಅದು ಕ್ಯಾನ್ಸರ್ ತರಬಹುದೆಂಬ ಶಂಕೆ ಇರುವುದರಿಂದ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಮಾತು ಕೊಳವೆಯದು. ಓಝೋನ್ ಕೊಯ್ಲಿಗೆ ಬಂದ ಆಳಿನ ಹಾಗೆ, ಕೆಲಸ ಮುಗಿಸಿ ಹೊರಟುಬಿಡುತ್ತದೆ; ರಾತ್ರಿ ಹೊಲ ಕಾಯಲು ಉಳಿಯುವುದು ಕ್ಲೋರಿನ್. ಕಾವಲಿಲ್ಲದೆ ನೀರು ಕಳಿಸಬೇಕಾದರೆ ಕೊಳವೆ ಎಲ್ಲೂ ಸೋರಬಾರದು, ಒಂದು ಕ್ಷಣವೂ ಖಾಲಿಯಾಗಬಾರದು. ಹಾಲೆಂಡಿನಲ್ಲಿ ಸೋರಿಕೆ ನೂರಕ್ಕೆ ಐದರ ಆಸುಪಾಸು. ಒಳಗಿನ ಒತ್ತಡ ಸದಾ ಹೊರಗಿಗಿಂತ ಹೆಚ್ಚಿರುವುದರಿಂದ ಹೊರಗಿನ ಕೊಳೆ ಒಳಗೆ ಬರಲಾರದು.

ಮನೆಗೆ ಬಂದ ಮೇಲೆ ಇದನ್ನು ಧಾರವಾಡಕ್ಕೆ ಹಚ್ಚಿ ನೋಡಿದೆ. ಸವದತ್ತಿಯ ಮಲಪ್ರಭಾ ಜಲಾಶಯದಿಂದ ಬಂದು ಅಮ್ಮಿನಭಾವಿಯಲ್ಲಿ ಶುದ್ಧವಾಗುವ ನೀರು ನಮ್ಮದು. 2008ರ ಹೊತ್ತಿಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ ದಿನದ 24 ಗಂಟೆ ನೀರು ಕೊಟ್ಟರು. ಉಳಿದ ವಾರ್ಡುಗಳಿಗೆ ಎಂದಿನಂತೆ ದಿನಗಳ ಅಂತರದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ಹುಬ್ಬಳ್ಳಿ–ಧಾರವಾಡದಲ್ಲಿ ಎರಡೂ ಬಗೆಯ ನಳಗಳ ನೀರನ್ನು ಪರೀಕ್ಷಿಸಿದರು. ಮಲಿನದ ಗುರುತಾದ ಇ. ಕೋಲಿ ಬ್ಯಾಕ್ಟೀರಿಯ 24 ಗಂಟೆ ನೀರಿನ ನಳಗಳಲ್ಲಿ ನೂರಕ್ಕೆ ಒಂದರಲ್ಲೂ ಇರಲಿಲ್ಲ ಎನ್ನುವಷ್ಟು ಕಡಿಮೆ. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ನೂರಕ್ಕೆ 30ಕ್ಕೂ ಹೆಚ್ಚು. ಮೂಲ ಒಂದೇ, ಶುದ್ಧೀಕರಣ ಒಂದೇ. ವ್ಯತ್ಯಾಸ ಇದ್ದದ್ದು ಕೊಳವೆ ತುಂಬಿದೆಯೋ ಬರಿದಾಗಿದೆಯೋ ಎಂಬುದರಲ್ಲಿ. ಬರಿದಾದ ಕೊಳವೆ ಬಿರುಕಿನಿಂದ ಮೋರಿಯ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮನೆಮನೆಯ ಮೋಟರು ಆ ಎಳೆತಕ್ಕೆ ಇನ್ನಷ್ಟು ಬಲ ಕೊಡುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಬಸ್ ನಿಲ್ದಾಣದಲ್ಲಿ ಕೊಳ್ಳುವ ಮುಚ್ಚಿದ ಬಾಟ್ಲಿಯ ಮೇಲೆ "ಓಝೋನೈಸ್ಡ್" ಎಂದು ಬರೆದಿರುತ್ತದೆ. ಬಾಟ್ಲಿಗೆ ಬಿರುಕಿಲ್ಲ, ಅಲ್ಲಿ ಅದು ಸರಿ. ಊರಿನ ನೀರಿಗೆ ಓಝೋನ್ ಬರಲಿ, ಬರಬೇಕು. ಆದರೆ ಅದಕ್ಕೂ ಮೊದಲು ಎಲ್ಲ ವಾರ್ಡಿನ ಕೊಳವೆಯೂ 24 ಗಂಟೆ ತುಂಬಿರಬೇಕು. ಅಲ್ಲಿಯವರೆಗೆ ನಳದ ನೀರಿನಲ್ಲಿ ಕ್ಲೋರಿನ್ ವಾಸನೆ ಬಂದರೆ ಮುಖ ಸಿಂಡರಿಸಬೇಡಿ. ಭಾರತೀಯ ಮಾನಕ ಐಎಸ್ 10500 ಪ್ರಕಾರ ನಿಮ್ಮ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ವಾಸನೆ ಬರಲೇ ಇಲ್ಲವೆಂದರೆ ಒಂದು ಶೀಶೆಯಲ್ಲಿ ಆ ನೀರು ಹಿಡಿದುಕೊಂಡು ವಾರ್ಡಿನ ನೀರು ಸರಬರಾಜು ಕಚೇರಿಗೆ ಹೋಗಿ, ನಿಮ್ಮ ಕಣ್ಣೆದುರೇ ಪರೀಕ್ಷೆ ಮಾಡಿಸಿ.